ಕಾವೇರಿ ನೀರಿನಿಂದ ಪ್ಲೇಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಕಾಲೊನಿಗಳೆಲ್ಲ ಆಂಪಿಸಿಲಿನ್ ಆಂಟಿಬಯಾಟಿಕ್‌ಗೆ ಬಗ್ಗುತ್ತಿಲ್ಲ, ಪ್ರಾಜೆಕ್ಟ್‌ನಲ್ಲಿ ‘ಸೂಪರ್‌ಬಗ್’ (ಹಲವು ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ) ಎಂದು ಬರೆಯಬಹುದೇ?

ಈಗಲೇ ಬರೆಯಬೇಡಿ. ಕುಶಾಲನಗರದ ಕೆಳಗಿನ ನೀರನ್ನು ಮ್ಯಾಕ್‌ಕಾಂಕಿ (ಕರುಳಿನ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್) ಪ್ಲೇಟಿಗೆ ಹಾಕಿ, ಬಂದ ಗುಲಾಬಿ ಕಾಲೊನಿಗಳನ್ನೆಲ್ಲ ಇ. ಕೋಲಿ (ಮಲದ ಜೊತೆ ನೀರು ಸೇರುವ ಕರುಳಿನ ಬ್ಯಾಕ್ಟೀರಿಯಾ) ಎಂದುಕೊಂಡಿದ್ದೀರಿ. ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಗುಲಾಬಿಯೇ, ಅದಕ್ಕೆ ಆಂಪಿಸಿಲಿನ್ ಹುಟ್ಟಿನಿಂದಲೇ ನಾಟುವುದಿಲ್ಲ. ಚರಂಡಿ ಸೇರದ ಹೊಳೆಯಲ್ಲೂ ಅದು ಸಿಗುತ್ತದೆ. ಮೊದಲು ಸಾದಾ ನ್ಯೂಟ್ರಿಯೆಂಟ್ ಅಗಾರ್‌ಗೆ ದಾಟಿಸಿ (ಮ್ಯಾಕ್‌ಕಾಂಕಿಯಿಂದ ನೇರ ತೆಗೆದರೆ ಆಕ್ಸಿಡೇಸ್ ಪರೀಕ್ಷೆ ನಂಬುವಂತಿಲ್ಲ), ಆಮೇಲೆ ಗುರುತಿನ ಪರೀಕ್ಷೆಗಳಲ್ಲಿ ನೋಡಿ: ಆಕ್ಸಿಡೇಸ್ ನೆಗೆಟಿವ್, ಇಂಡೋಲ್ ಪಾಸಿಟಿವ್, ಸಿಟ್ರೇಟ್ ನೆಗೆಟಿವ್ ಆದವನ್ನು ಮಾತ್ರ ಇಟ್ಟುಕೊಳ್ಳಿ.

ನನಗೆ ಹೆಚ್ಚು ಅನುಮಾನ ಡಿಸ್ಕ್ ಮೇಲೆ, ಅಂದರೆ ಅಗಾರ್ ಮೇಲಿಡುವ ಔಷಧ ತುಂಬಿದ ಕಾಗದದ ಬಿಲ್ಲೆಯ ಮೇಲೆ. ಮಡಿಕೇರಿ ಮಳೆಗಾಲದಲ್ಲಿ ಫ್ರಿಜ್‌ನಿಂದ ತೆಗೆದ ಡಿಸ್ಕ್ ವಯಲ್ (ಸಣ್ಣ ಸೀಸೆ) ತಕ್ಷಣ ತೆರೆದರೆ ಒಳಗೆ ತೇವ ಕೂರುತ್ತದೆ, ಆಂಪಿಸಿಲಿನ್ ಸತ್ವ ಕಳೆದುಕೊಳ್ಳುತ್ತದೆ, ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಕುಗ್ಗುತ್ತದೆ. ವಯಲ್ ಮುಚ್ಚಿದಂತೆಯೇ ಕೋಣೆಯ ಬಿಸಿಗೆ ಬರಲಿ, ಆಮೇಲೆ ಮುಚ್ಚಳ ತೆಗೆಯಿರಿ. ಪ್ರತಿ ಬ್ಯಾಚ್ ಜೊತೆ ಎಟಿಸಿಸಿ 25922 ಇ. ಕೋಲಿ (ಹೋಲಿಕೆಗೆ ಇಡುವ, ಆಂಪಿಸಿಲಿನ್‌ಗೆ ಬಗ್ಗುವ ತಳಿ) ಹಾಕಿ: 10 ಮೈಕ್ರೋಗ್ರಾಂ ಆಂಪಿಸಿಲಿನ್‌ಗೆ 15–22 ಮಿ.ಮೀ. ವಲಯ ಬರಬೇಕು. ಬರದಿದ್ದರೆ ಆ ದಿನದ ಫಲಿತಾಂಶವೆಲ್ಲ ಕಸ. ಡಿಸ್ಕ್ ಪರೀಕ್ಷೆಯ ಮ್ಯೂಲರ್-ಹಿಂಟನ್ ಅಗಾರ್ 4 ಮಿ.ಮೀ. ದಪ್ಪ ಇರಲಿ, ಅಂದರೆ 9 ಸೆಂ.ಮೀ. ಪ್ಲೇಟಿಗೆ ಸುಮಾರು 25 ಮಿ.ಲೀ. ತೆಳುವಾದರೆ ವಲಯ ಸುಳ್ಳಾಗಿ ದೊಡ್ಡದಾಗುತ್ತದೆ. ಪ್ಲೇಟಿಗೆ ಹಚ್ಚುವ ಬ್ಯಾಕ್ಟೀರಿಯಾ ದ್ರಾವಣ 0.5 ಮ್ಯಾಕ್‌ಫರ್ಲ್ಯಾಂಡ್‌ಗಿಂತ (ದ್ರಾವಣದ ಮಬ್ಬಿನ ಅಳತೆ) ಗಟ್ಟಿಯಾದರೆ ಉಲ್ಟಾ, ಎಲ್ಲವೂ ರೆಸಿಸ್ಟೆಂಟ್ (ಔಷಧಕ್ಕೆ ಬಗ್ಗದವು) ಕಾಣುತ್ತವೆ. ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾಗಿದ್ದರೆ ಆ ಪ್ಲೇಟ್ ಓದಲೇ ಬೇಡಿ.

ನಿಜಕ್ಕೂ ಆಂಪಿಸಿಲಿನ್ ಬಿಟ್ಟು ಸೆಫೊಟಾಕ್ಸಿಮ್ ಎಂಬ ಇನ್ನೊಂದು ಆಂಟಿಬಯಾಟಿಕ್ ಹಿಡಿಯುವುದು ಒಳ್ಳೆಯದು. ಅಗಾರ್ 50 ಡಿಗ್ರಿಗೆ ಇಳಿದ ಮೇಲೆ ಲೀಟರಿಗೆ 4 ಮಿ.ಗ್ರಾಂ ಬೆರೆಸಿ, ಬಿಸಿ ಅಗಾರ್‌ಗೆ ಹಾಕಿದರೆ ಔಷಧ ಹಾಳು. ಅದೇ ನೀರನ್ನು ಔಷಧ ಇರುವ ಮತ್ತು ಇಲ್ಲದ ಪ್ಲೇಟ್ ಎರಡಕ್ಕೂ ಹಾಕಿ, ಎರಡರಲ್ಲೂ ಖಚಿತಪಡಿಸಿದ ಇ. ಕೋಲಿಯ ಅನುಪಾತ ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಟ್ರೈಸೈಕಲ್ ಪ್ರೋಟೋಕಾಲ್‌ನ (ಜನ, ಆಹಾರ ಸರಪಳಿ, ಪರಿಸರ ಮೂರರಲ್ಲೂ ಔಷಧಕ್ಕೆ ಬಗ್ಗದ ಇ. ಕೋಲಿ ಗಮನಿಸುವ ವಿಧಾನ) ತಿರುಳೂ ಇದೇ.

ಒಂದೇ ಜಾಗದ ನೀರಿನಿಂದ ಊರಿನ ಮೇಲೆ ದೂರು ಹೊರಿಸಲಾಗದು. ಊರಿಗಿಂತ ಮೇಲೆ ದುಬಾರೆ ಕಡೆ ಒಂದು, ಕುಶಾಲನಗರ ದಾಟಿ ಕೂಡಿಗೆಯಲ್ಲಿ ಹಾರಂಗಿ ಹೊಳೆ ಸೇರುವ ಮೊದಲೇ ಇನ್ನೊಂದು ಮಾದರಿ ತೆಗೆಯಿರಿ. ಸಂಗಮದ ಕೆಳಗೆ ಎರಡು ನೀರೂ ತಕ್ಷಣ ಬೆರೆಯುವುದಿಲ್ಲ, ಯಾವ ದಡದಲ್ಲಿ ನಿಂತಿರೋ ಆ ಹೊಳೆಯದೇ ಹೆಚ್ಚು ಸಿಗುತ್ತದೆ. ಬಾಟಲಿ ಬಾಯಿ ಹರಿವಿಗೆ ಎದುರಾಗಿ, ಒಂದಡಿ ಆಳದಲ್ಲಿ ತುಂಬಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು 6 ಗಂಟೆಯೊಳಗೆ ಪ್ಲೇಟಿಗೆ ಹಾಕಿ. ಬಳಸಿದ ಪ್ಲೇಟ್‌ಗಳನ್ನು ಆಟೋಕ್ಲೇವ್ ಮಾಡದೆ (ಒತ್ತಡದ ಹಬೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲದೆ) ಸಿಂಕಿಗೆ ಸುರಿಯಬೇಡಿ.