ಎರಡು ರ‍್ಯಾಮ್, ನಾಲ್ಕು ಸ್ಲಾಟ್

ಪ್ರಶ್ನೆ: ಜಮಖಂಡಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ ಆಲ್ಬಂ ಮಾಡುವ ಕಂಪ್ಯೂಟರಿನಲ್ಲಿ 8 ಜಿಬಿ ಡಿಡಿಆರ್4 ರ‍್ಯಾಮ್ ಇತ್ತು. ಅಂಥದ್ದೇ ಇನ್ನೊಂದು ತಂದು ಪಕ್ಕದ ಸ್ಲಾಟಿಗೆ ನಾನೇ ಹಾಕಿದೆ. ಈಗ ಪ್ರೊಸೆಸರ್ ಕಡೆಯ ಮೊದಲೆರಡು ಸ್ಲಾಟ್ ತುಂಬಿವೆ. 16 ಜಿಬಿ ಅಂತ ತೋರಿಸುತ್ತದೆ. ಆದರೆ ಗೆಳೆಯರೊಬ್ಬರು ತಪ್ಪು ಜಾಗಕ್ಕೆ ಹಾಕಿದ್ದೀಯ ಅನ್ನುತ್ತಾರೆ. ನಾಲ್ಕೂ ಸ್ಲಾಟ್ ಕಪ್ಪು ಬಣ್ಣದವೇ. ಗ್ರಾಫಿಕ್ಸ್ ಕಾರ್ಡ್ ಬೇರೆ ಇಲ್ಲ. ಯಾವುದಕ್ಕೆ ಹಾಕಲಿ ಸರ್?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿ ಇದೆ ನೋಡ್ರಿ. ಎರಡೇ ರ‍್ಯಾಮ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೆ ಒಂದು, ನಾಲ್ಕನೆಯದಕ್ಕೆ ಒಂದು. ಈಗಿನ ಬಹಳಷ್ಟು ಮದರ್‌ಬೋರ್ಡ್‌ಗಳಲ್ಲಿ ಇದೇ ಲೆಕ್ಕ. ಮೊಬೈಲ್ ಟಾರ್ಚ್ ಹಿಡಿದು ನೋಡಿ, ಸ್ಲಾಟಿನ ಪಕ್ಕ ಎ2, ಬಿ2 ಅಂತ ಸಣ್ಣದಾಗಿ ಬರೆದಿರಬಹುದು. ಆದರೂ ಬೋರ್ಡಿನ ಜೊತೆ ಬಂದ ಪುಸ್ತಕ ಹೇಳಿದ್ದೇ ಕೊನೆ ಮಾತು. ಆ ಪುಸ್ತಕ ಡಬ್ಬಿಯಲ್ಲೇ ಇರುತ್ತದೆ, ಯಾರೂ ತೆಗೆದು ನೋಡುವುದಿಲ್ಲ.

ಯಾಕೆ ಹೀಗೆ ಅಂದರೆ, ಪ್ರೊಸೆಸರಿನಿಂದ ರ‍್ಯಾಮಿಗೆ ಎ, ಬಿ ಅಂತ ಎರಡು ದಾರಿ ಇವೆ. ಮೊದಲೆರಡು ಸ್ಲಾಟ್ ಎ ದಾರಿಯವು, ಕೊನೆಯ ಎರಡು ಬಿ ದಾರಿಯವು. ನೀವು ಎರಡನ್ನೂ ಒಂದೇ ದಾರಿಗೆ ಹಾಕಿದ್ದೀರಿ, ಇನ್ನೊಂದು ದಾರಿ ಸುಮ್ನೆ ಖಾಲಿ ಬಿದ್ದಿದೆ. 3200 ಸ್ಪೀಡಿನ ರ‍್ಯಾಮ್ ಆದರೆ ಒಂದು ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಓಡುತ್ತದೆ. ಎರಡೂ ದಾರಿ ತೆರೆದರೆ 51.2.

ಒಂದು ಮತ್ತು ಮೂರಕ್ಕೆ ಹಾಕಿದರೂ ಎರಡು ದಾರಿ ಸಿಗುತ್ತವೆ ಅಲ್ವಾ ಅಂತ ಕೇಳಬಹುದು. ಸಿಗುತ್ತವೆ. ಆದರೆ ತಂತಿ ಮೊದಲ ಸ್ಲಾಟ್ ದಾಟಿ ಎರಡನೆಯದರಲ್ಲಿ ಮುಗಿಯುತ್ತದೆ. ಕೊನೆಯ ಸ್ಲಾಟ್ ಖಾಲಿ ಇದ್ದರೆ ಸಿಗ್ನಲ್ ಅಲ್ಲಿ ತಾಗಿ ವಾಪಸ್ ಬರುತ್ತದೆ. ನಮ್ಮ ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಹುಡುಗರು ಕೂಗುವಾಗ ಪಕ್ಕದವರ ಜೊತೆ ಮಾತಾಡಿ ನೋಡಿದ್ದೀರಾ? ಹಾಗೇ ಆಗುತ್ತದೆ. ಸ್ಪೀಡ್ ಕಡಿಮೆ ಇದ್ದರೆ ನಡೆದುಹೋಗುತ್ತದೆ. ಸ್ಪೀಡ್ ಜಾಸ್ತಿಯಾದಂತೆ ತಪ್ಪು ಶುರು, ಕಂಪ್ಯೂಟರ್ ನಡುವೆಯೇ ನಿಲ್ಲಬಹುದು.

ಹಾಕುವಾಗ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ. ರ‍್ಯಾಮಿನ ಅಂಚಿನ ಕಚ್ಚು ಎಲ್ಲಿದೆ ನೋಡಿ ಸ್ಲಾಟಿಗೆ ಹೊಂದಿಸಿ. ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತಿ, ‘ಟಿಕ್’ ಅನ್ನಬೇಕು. ಇಲ್ಲಿ ನಾನೇ ಮೋಸ ಹೋಗಿದ್ದೇನೆ. ತಾಳಿಕೋಟೆಯವರೊಬ್ಬರು ಕ್ಯಾಬಿನೆಟ್ಟನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ನನ್ನ ಅಂಗಡಿಗೆ ತಂದಿದ್ದರು. ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು. ರ‍್ಯಾಮ್ ತೆಗೆದು, ರಬ್ಬರಿನಿಂದ ಉಜ್ಜಿ, ಮತ್ತೆ ಹಾಕಿದೆ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಬದಲಿಸಿದೆ, ಬೋರ್ಡಿನ ಸೆಲ್ ತೆಗೆದು ಹಾಕಿದೆ. ಅರ್ಧ ದಿನ ಹೋಯಿತು. ಆಮೇಲೆ ಬಗ್ಗಿ ನೋಡಿದರೆ ರ‍್ಯಾಮಿನ ಕೆಳತುದಿ ನೂಲಿನಷ್ಟು ಮೇಲೆದ್ದಿದೆ! ಆ ಬೋರ್ಡಿಗೆ ಕ್ಲಿಪ್ ಮೇಲುಗಡೆ ಮಾತ್ರ. ಅದು ‘ಟಿಕ್’ ಅಂದಿದ್ದಕ್ಕೇ ನಾನು ನಂಬಿಬಿಟ್ಟಿದ್ದೆ. ಅವರಿಂದ ಚಹಾ ದುಡ್ಡು ಕೂಡ ತಗೊಳ್ಳಲಿಲ್ಲ.

ಆನ್ ಮಾಡಿದ ಮೇಲೆ ಸಿಪಿಯು-ಝಡ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಮೆಮೊರಿ ಪುಟ ನೋಡಿ. ಚಾನೆಲ್ ಅಂದರೆ ನಾನು ಹೇಳಿದ ದಾರಿ; ಅದರ ಮುಂದೆ ‘ಡ್ಯುಯಲ್’ ಅಥವಾ ‘2 x 64-ಬಿಟ್’ ಅಂತ ಇದ್ದರೆ ಆಯಿತು. ಟಾಸ್ಕ್ ಮ್ಯಾನೇಜರಿನಲ್ಲಿ ಸ್ಪೀಡ್ ಕೂಡ ನೋಡಿ. ರ‍್ಯಾಮ್ ಪಟ್ಟಿಯ ಮೇಲೆ 3200 ಅಂತ ಇದ್ದು ಅಲ್ಲಿ 2400 ತೋರಿಸಿದರೆ, ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ ಆನ್ ಮಾಡಿ, ರ‍್ಯಾಮನ್ನು ಬರೆದಷ್ಟು ಸ್ಪೀಡಿಗೆ ಓಡಿಸುವ ಸೆಟ್ಟಿಂಗ್ ಅದು. ಬೋರ್ಡ್, ಪ್ರೊಸೆಸರ್ ಎರಡೂ ಒಪ್ಪಿದರೆ ಏರುತ್ತದೆ.

ಇಷ್ಟಾದ ಮೇಲೆ ಆಲ್ಬಂ ಎರಡು ಪಟ್ಟು ಬೇಗ ಆಗುತ್ತದೆ ಅಂತ ಕಾಯಬೇಡಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದರಿಂದ ಪರದೆಯ ಕೆಲಸವೂ ಇದೇ ರ‍್ಯಾಮಿನ ಮೇಲೆ ಬೀಳುತ್ತದೆ, ಅಲ್ಲಿ ಫರಕು ಕಾಣಬಹುದು. ಫೈಲ್ ತೆರೆಯುವುದು, ಉಳಿಸುವುದು ನಿಧಾನ ಇದ್ದರೆ ತಪ್ಪು ಡಿಸ್ಕಿನದು. ಇನ್ನೂ ಹಳೆ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ.

ಪ್ರಶ್ನೆ: ಹಳೆ ಕಂಪ್ಯೂಟರಿನ ಡಿಡಿಆರ್3 ರ‍್ಯಾಮನ್ನು ಡಿಡಿಆರ್4 ಬೋರ್ಡಿಗೆ ಹಾಕಬಹುದೇ? (ಓದುಗರು, ಗೋಕಾಕ)

ಉತ್ತರ: ಇಲ್ಲ. ಡಿಡಿಆರ್3ಗೆ 240 ಪಿನ್, ಡಿಡಿಆರ್4ಗೆ 288. ಕಚ್ಚಿನ ಜಾಗವೂ ಬೇರೆ, ಕರೆಂಟಿನ ಲೆಕ್ಕವೂ ಬೇರೆ: ಅದಕ್ಕೆ 1.5 ವೋಲ್ಟ್, ಇದಕ್ಕೆ 1.2. ಒತ್ತಿ ಕೂರಿಸಲು ಹೋದರೆ ಸ್ಲಾಟೇ ಒಡೆಯುತ್ತದೆ. ಅದು ಹಳೆ ಕಂಪ್ಯೂಟರಿನಲ್ಲೇ ಇರಲಿ ಬಿಡಿ, ಮಕ್ಕಳ ಟೈಪಿಂಗಿಗೆ ಸಾಕು.