ನಾಲ್ಕರಲ್ಲಿ ಒಂದು: ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ,

ವಾಹಕ ತಂದೆತಾಯಿಯರಿಂದ, ಎಂದರೆ ತಮಗೆ ಕಾಯಿಲೆಯಿಲ್ಲದೆ ಬದಲಾದ ವಂಶವಾಹಿಯ ಒಂದು ಪ್ರತಿಯನ್ನು ಹೊತ್ತವರಿಂದ, ಮಕ್ಕಳಿಗೆ ಬರುವ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ ಕುರಿತ ನಿಮ್ಮ ಲೇಖನ ತಲುಪಿದೆ. ಭಾಷೆ ಶುದ್ಧವಾಗಿದೆ, ಮಗುವಿಗೆ ರಕ್ತ ಕೊಡಿಸುವ ಸನ್ನಿವೇಶ ಮನಮುಟ್ಟುತ್ತದೆ. ಆದರೆ ಎರಡನೆಯ ಪುಟ ನನ್ನನ್ನು ಎರಡು ದಿನ ಕಾಡಿತು. ಉಳಿದದ್ದರ ಮಾತು ಈಗ ಬೇಡ.

‘ಇಬ್ಬರೂ ವಾಹಕರಾಗಿದ್ದರೆ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಕಾಯಿಲೆ ಬರುತ್ತದೆ, ಮೊದಲನೆಯದಕ್ಕೆ ಬಂದದ್ದರಿಂದ ದಂಪತಿ ನಿಶ್ಚಿಂತರಾದರು’ ಎಂದು ಬರೆದಿದ್ದೀರಿ. ನಿಶ್ಚಿಂತರಾದದ್ದು ಅವರ ತಪ್ಪು ತಿಳಿವಳಿಕೆ. ಅದನ್ನು ತಿದ್ದದೆ ಮುಂದೆ ಹೋದದ್ದು ನಿಮ್ಮ ತಪ್ಪು. ಶೇ 25ರ ಸಾಧ್ಯತೆ ಪ್ರತಿ ಗರ್ಭಧಾರಣೆಗೂ ಹೊಸದಾಗಿ ಅನ್ವಯಿಸುತ್ತದೆ.

ಉಪಸಂಪಾದಕನಾಗಿ ಸೇರಿದ ಹೊಸದರಲ್ಲಿ ನಾನೂ ಹೀಗೆಯೇ ಬರೆದಿದ್ದೆ. ಹಿರಿಯ ಸಂಪಾದಕರು ಬೈಯಲಿಲ್ಲ. ಎರಡು ನಾಣ್ಯಗಳನ್ನು ಮೇಜಿನ ಮೇಲಿಟ್ಟು, ಒಂದು ತಂದೆಯದು, ಇನ್ನೊಂದು ತಾಯಿಯದು, ಅಂಕಿಯ ಮುಖ ಮೇಲಾದರೆ ಬದಲಾದ ವಂಶವಾಹಿ ಮಗುವಿಗೆ ಬಂತೆಂದು ತಿಳಿ, ಎರಡರಲ್ಲೂ ಅಂಕಿ ಬಿದ್ದರೆ ಕಾಯಿಲೆ, ಒಂದರಲ್ಲಷ್ಟೇ ಬಿದ್ದರೆ ಮಗು ವಾಹಕ, ಚಿಮ್ಮು ಎಂದರು. ಮೊದಲ ಸಲ ಎರಡರಲ್ಲೂ ಅಂಕಿ ಬಿತ್ತು, ಮರುಸಲವೂ ಅದೇ. ‘ಹಿಂದಿನ ಸಲ ಏನು ಬಿತ್ತೆಂದು ಈಗ ನಾಣ್ಯವನ್ನೇ ಕೇಳು’ ಎಂದು ಅವರು ನನ್ನ ಹಸ್ತಪ್ರತಿಯನ್ನು ಹಿಂದಿರುಗಿಸಿದರು.

ಅದೇ ಪ್ಯಾರಾದಲ್ಲಿ, ಆ ಮಗುವಿನ ಆರೋಗ್ಯವಂತ ತಮ್ಮನು ವಾಹಕನಾಗಿರುವ ಸಾಧ್ಯತೆ ಅರ್ಧಕ್ಕರ್ಧ ಎಂದಿದ್ದೀರಿ. ಹುಟ್ಟುವ ಮೊದಲು ಹಾಕಿದ ಲೆಕ್ಕವಾದರೆ ಅದು ಸರಿ. ಆದರೆ ಅವನಿಗೆ ಕಾಯಿಲೆಯಿಲ್ಲವೆಂದು ಖಚಿತವಾದ ಮೇಲೆ ನಾಲ್ಕು ಸಾಧ್ಯತೆಗಳಲ್ಲಿ ಒಂದು ಬಿದ್ದುಹೋಗಿ ಮೂರು ಉಳಿಯುತ್ತವೆ, ಅವುಗಳಲ್ಲಿ ಎರಡರಲ್ಲಿ ಅವನು ವಾಹಕ. ಮೂರರಲ್ಲಿ ಎರಡು ಎಂದು ತಿದ್ದಿ. ನಾಳೆ ಮದುವೆಯಾಗುವವನಿಗೆ ಈ ವ್ಯತ್ಯಾಸ ಚಿಕ್ಕದಲ್ಲ.

ಇನ್ನು ಒಂದು ಕ್ರಿಯಾಪದ. ‘ತಾಯಿ ತನ್ನ ರಕ್ತದಲ್ಲಿ ರೋಗವನ್ನು ಬಚ್ಚಿಟ್ಟುಕೊಂಡಿದ್ದಳು.’ ಬಚ್ಚಿಡಬೇಕಾದರೆ ಮೊದಲು ಗೊತ್ತಿರಬೇಕಲ್ಲವೇ? 11ನೆಯ ವರ್ಣತಂತುವಿನಲ್ಲಿದ್ದು ಹಿಮೋಗ್ಲೋಬಿನ್ನಿನ ಒಂದು ಭಾಗವನ್ನು ತಯಾರಿಸಲು ಬೇಕಾದ ಬೀಟಾ ಗ್ಲೋಬಿನ್ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಸರಿಯಿದ್ದರೂ ದೇಹದ ಕೆಲಸ ನಡೆದುಹೋಗುತ್ತದೆ. ಕೆಂಪು ರಕ್ತಕಣಗಳು ತುಸು ಚಿಕ್ಕವಾಗಿರುವುದು, ಹಿಮೋಗ್ಲೋಬಿನ್ನಿನ ಒಂದು ಬಗೆಯಾದ ಎ2 ಸಾಮಾನ್ಯವಾಗಿ ಶೇ 3.5ನ್ನು ಮೀರಿರುವುದು ಪರೀಕ್ಷೆ ಮಾಡಿಸಿದರಷ್ಟೇ ತಿಳಿಯುವ ಸಂಗತಿಗಳು. ಆಕೆಗೆ ರೋಗವೂ ಇರಲಿಲ್ಲ, ಇದ್ದದ್ದು ಬದಲಾದ ಒಂದು ಪ್ರತಿ ಮಾತ್ರ. ಮಗುವಿಗೆ ಬದಲಾದ ಎರಡನೆಯ ಪ್ರತಿ ಕೊಟ್ಟ ತಂದೆ ನಿಮ್ಮ ವಾಕ್ಯದಲ್ಲಿ ಎಲ್ಲಿ ಹೋದ? ನನ್ನನ್ನು ಹೆಚ್ಚು ಕೆರಳಿಸಿದ್ದು, ಸಂಖ್ಯೆಗಳಿಗಿಂತ, ಇದೇ.

ಈ ಮೂರು ವಾಕ್ಯಗಳನ್ನು ತಿದ್ದಿ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಕಾದಿರಿಸಿದ್ದೇನೆ.

ಇತಿ,
ಸಂಪಾದಕ