ವಜ್ರಕ್ಕಿಂತ ಅಪರೂಪವೇ ತಾಂಜನೈಟ್?

ಪ್ರಶ್ನೆ: ಮದುವೆಯ ಬೆಳ್ಳಿಹಬ್ಬಕ್ಕೆ ಹೆಂಡತಿಗೆಂದು ಜೈಪುರದಲ್ಲಿ ತಾಂಜನೈಟ್ ಎಂಬ ನೀಲಿ ಹರಳು ನೋಡಿದೆ. "ಇದು ವಜ್ರಕ್ಕಿಂತ ಸಾವಿರ ಪಟ್ಟು ಅಪರೂಪ. ಇನ್ನು ಇಪ್ಪತ್ತು ವರ್ಷಕ್ಕೆ ಗಣಿ ಬರಿದಾಗುತ್ತೆ. ಈಗ ಕೊಂಡಿಟ್ಟರೆ ಚಿನ್ನಕ್ಕಿಂತ ಲಾಭ" ಎಂದರು ಅಂಗಡಿಯವರು. ನಂಬಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅರ್ಧ ನಿಜ, ಅರ್ಧ ವ್ಯಾಪಾರ. ವ್ಯಾಪಾರಕ್ಕೆ ಸಾಲುವಷ್ಟು ತಾಂಜನೈಟ್ ಸಿಗುವುದು ಜಗತ್ತಿನಲ್ಲಿ ಒಂದೇ ಕಡೆ, ಅದು ಉತ್ತರ ತಾಂಜಾನಿಯದ ಮೆರೆಲಾನಿ ಗುಡ್ಡಗಳಲ್ಲಿ. ಗಣಿಗಳಿರುವ ಪಟ್ಟಿ ಸುಮಾರು 7 ಕಿ.ಮೀ. ಉದ್ದ, 2 ಕಿ.ಮೀ. ಅಗಲ, ಅಷ್ಟೇ. ದೂರದಲ್ಲಿ ಕಿಲಿಮಂಜಾರೊ ಪರ್ವತ ಕಾಣಿಸುವುದರಿಂದ "ಜ್ವಾಲಾಮುಖಿಯ ಹರಳು" ಎಂದೂ ಮಾರುತ್ತಾರೆ. ಕಿಲಿಮಂಜಾರೊಗೂ ಇದಕ್ಕೂ ಸಂಬಂಧವೇ ಇಲ್ಲ. ಆ ಪರ್ವತದ ವಯಸ್ಸು ಇಪ್ಪತ್ತು ಮೂವತ್ತು ಲಕ್ಷ ವರ್ಷ, ಹರಳಿನದು 55 ಕೋಟಿಗೂ ಮೇಲೆ.

ಅಂದು ಭೂಖಂಡಗಳು ಒಂದಕ್ಕೊಂದು ಗುದ್ದಿ, ನೆಲದಾಳದ ಬಂಡೆ ಕಾದು, ಮಡಿಕೆ ಬಿದ್ದು, ಎಳೆದಂತಾಗಿ ಅಲ್ಲಲ್ಲಿ ಪೊಟರೆಗಳಾದವು. ಗ್ರಾಫೈಟ್ ತುಂಬಿದ ಆ ಬಂಡೆಯಲ್ಲಿ ತುಸು ವೆನೇಡಿಯಂ ಎಂಬ ಲೋಹ ಇತ್ತು, ಬಿಸಿ ದ್ರವಗಳ ಜತೆ ಕ್ಯಾಲ್ಸಿಯಂ ಸೇರಿತು. ಜೊಯಿಸೈಟ್ ಎಂಬ ಸಾಧಾರಣ ಖನಿಜ ಆ ಪೊಟರೆಗಳಲ್ಲಿ ತಾಂಜನೈಟ್ ಆಗಿ ಬೆಳೆಯಿತು. ವೆನೇಡಿಯಂ ಇಲ್ಲದಿದ್ದರೆ ಅದರ ನೀಲಿಯೂ ಇಲ್ಲ. ಪೊಟರೆ ಎಲ್ಲಿದೆ ಎಂದು ಮೊದಲೇ ಹೇಳುವುದು ಕಷ್ಟ. ತಿಂಗಳುಗಟ್ಟಲೆ ಏನೂ ಸಿಗದೆ ಅಗೆದವನಿಗೆ ಒಂದು ದಿನ ಬಕೆಟ್ ತುಂಬ ಸಿಗಬಹುದು.

ಇನ್ನು "ಸಾವಿರ ಪಟ್ಟು". ಒಂದೇ ಊರಿನಲ್ಲಿ ಸಿಗುತ್ತದೆ ಎನ್ನುವುದನ್ನು ಅಪರೂಪ ಎನ್ನುವುದಕ್ಕೆ ಹೊಂದಿಸಿ ಹೇಳುವ ಜಾಹೀರಾತಿನ ಮಾತು ಅದು. ಊರು ಒಂದೇ ಆದರೂ ಮಾಲು ಕಡಿಮೆಯಿಲ್ಲ. ಅಮೆರಿಕದ ಟಿ.ವಿ. ಮಾರಾಟ ಚಾನೆಲ್‌ಗಳಲ್ಲಿ ದಿನವೂ ಬಿಕರಿಯಾಗುತ್ತದೆ. "ಇಪ್ಪತ್ತು ವರ್ಷಕ್ಕೆ ಖಾಲಿ" ಎಂಬ ಮಾತಿಗೇ ಈಗ ಸುಮಾರು ಇಪ್ಪತ್ತು ವರ್ಷವಾಯಿತು.

ಒಂದು ಲೆಕ್ಕ ನೋಡಿ. 2020ರ ಜೂನ್‌ನಲ್ಲಿ ಸನಿನಿಯು ಲೈಜರ್ ಎಂಬ ಸಣ್ಣ ಗಣಿ ಮಾಲೀಕರಿಗೆ ಎರಡು ಭಾರಿ ಹರಳು ಸಿಕ್ಕವು. ಒಂದು 9.2 ಕೆ.ಜಿ.ಗೂ ಹೆಚ್ಚು, ಇನ್ನೊಂದು 5 ಕೆ.ಜಿ. ಮೀರಿದ್ದು. ತಾಂಜಾನಿಯ ಸರಕಾರ ಸುಮಾರು 34 ಲಕ್ಷ ಡಾಲರ್ ಕೊಟ್ಟು ಕೊಂಡಿತು, ಅಂದಿನ ಅಧ್ಯಕ್ಷ ಮಗುಫುಲಿ ಫೋನ್ ಮಾಡಿ ಅಭಿನಂದಿಸಿದರು. ದೊಡ್ಡ ಮೊತ್ತ, ಸರಿ. ಆದರೆ ಒಂದು ಕೆ.ಜಿ.ಗೆ 5,000 ಕ್ಯಾರೆಟ್. ಭಾಗಿಸಿದರೆ ಕ್ಯಾರೆಟ್‌ಗೆ 50 ಡಾಲರ್ ಕೂಡ ಬೀಳುವುದಿಲ್ಲ. ಒರಟು ಹರಳಿನಲ್ಲಿ ಬಹುಪಾಲು ಸಾಣೆಯಲ್ಲಿ ಉದುರಿಹೋಗುತ್ತದೆ, ಬಿರುಕು, ಮಬ್ಬು ಕಳೆದು ಉಳಿಯುವ ಸ್ವಲ್ಪದಲ್ಲಿ ಮಾತ್ರ ಬೆಲೆ ಇರುತ್ತದೆ.

ಬೆಲೆ ಕುಸಿದದ್ದೂ ಉಂಟು. 2001ರ ಕೊನೆಯಲ್ಲಿ ಈ ವ್ಯಾಪಾರಕ್ಕೂ ಅಲ್ ಖೈದಾಗೂ ನಂಟಿದೆ ಎಂಬ ಪತ್ರಿಕಾ ವರದಿ ಬಂತು. ಈ ಹರಳಿಗೆ ಹೆಸರಿಟ್ಟ ಅಮೆರಿಕದ ಆಭರಣ ಕಂಪನಿ ಟಿಫನಿಯೇ ಕೆಲಕಾಲ ಮಾರಾಟ ನಿಲ್ಲಿಸಿತು. ನಂಟಿಗೆ ಪುರಾವೆ ಇಲ್ಲವೆಂದು ಅಮೆರಿಕ ಸರಕಾರ ಆಮೇಲೆ ಹೇಳಿದರೂ ಬೆಲೆ ಬಿದ್ದದ್ದು ಬಿದ್ದಿತ್ತು. ಹೆಂಡತಿಗೆ ಇಷ್ಟವಾದರೆ ಕೊಳ್ಳಿ. ಲಾಭಕ್ಕೆಂದು ಕೊಳ್ಳಬೇಡಿ. ನಾಳೆ ಮಾರಲು ಹೋದರೆ ಅದೇ ಅಂಗಡಿಯವರು ಏನು ಹೇಳುತ್ತಾರೆ ಎಂದು ಇವತ್ತೇ ಕೇಳಿ ನೋಡಿ.

ಪ್ರಶ್ನೆ: ತಾಂಜನೈಟ್ ಕಂಡುಹಿಡಿದದ್ದು ನಮ್ಮ ಕಡೆಯ ಡಿಸೋಜ ಅಂತೆ, ಹೌದೇ? ಸಿಡಿಲು ಬಡಿದು ಕಾಡು ಉರಿದಾಗ ಕಲ್ಲುಗಳೆಲ್ಲ ನೀಲಿಯಾದವು ಎಂದೂ ಓದಿದೆ.
– ಓದುಗರೊಬ್ಬರು, ಮಂಗಳೂರು

ಉತ್ತರ: ಡಿಸೋಜ ಎಂದೊಡನೆ ಮಂಗಳೂರು ಎನ್ನಬೇಡಿ! ಮ್ಯಾನುಯೆಲ್ ಡಿಸೋಜ ಗೋವಾ ಮೂಲದವರು. ತಾಂಜಾನಿಯದ ಅರುಷಾದಲ್ಲಿ ದರ್ಜಿ, ಬಿಡುವಿನಲ್ಲಿ ಚಿನ್ನ ಹುಡುಕುವವರು. 1967ರಲ್ಲಿ ಮೆರೆಲಾನಿಯಲ್ಲಿ ನೀಲಿ ಕಲ್ಲು ನೋಡಿ ಮೊದಲು ನೀಲಮಣಿ ಎಂದೇ ಅಂದುಕೊಂಡರು. ಗಡಸುತನ ತಾಳೆಯಾಗಲಿಲ್ಲ. ಗಣಿ ಹಕ್ಕು ನೋಂದಾಯಿಸಿದ ಮೊದಲಿಗರು ಅವರೇ, ಹಾಗಾಗಿ ದಾಖಲೆಗಳಲ್ಲಿ ಅವರ ಹೆಸರು ಉಳಿಯಿತು.

ಆದರೆ ತಾಂಜಾನಿಯ ಸರಕಾರ ಒಪ್ಪಿರುವ ಹೆಸರು ಜುಮಾನೆ ಎನ್ಗೋಮಾ. ಅದೇ ವರ್ಷ ಅವರು ಕಲ್ಲು ಆಯ್ದು ಪರೀಕ್ಷೆಗೆ ಕಳಿಸಿದ್ದರು. 1984ರಲ್ಲಿ ಪ್ರಮಾಣಪತ್ರ ಬಂತು. 10 ಕೋಟಿ ಶಿಲ್ಲಿಂಗ್ ಕೈಗೆ ಬಂದದ್ದು 2018ರಲ್ಲಿ, ಅವರು ತೀರಿಕೊಳ್ಳುವ ಹಿಂದಿನ ವರ್ಷ. ಅಲಿ ಜುಯಾವಾಟು ಎಂಬ ಮಾಸಾಯಿ ದನಗಾಹಿಯೇ ಮೊದಲು ಕಂಡದ್ದು ಎನ್ನುವವರೂ ಇದ್ದಾರೆ. ದನ ಮೇಯಿಸುವವರ ಕಾಲಡಿ ಆ ಕಲ್ಲು ಎಷ್ಟೋ ಕಾಲದಿಂದ ಬಿದ್ದಿರಲೇಬೇಕು, "ಮೊದಲು" ಎಂಬ ಪಟ್ಟ ಸಿಗುವುದು ಕಚೇರಿಗೆ ಹೋಗಿ ಬರೆಸಿದವರಿಗೆ.

ಸಿಡಿಲಿನ ಕಥೆ ಆಭರಣದಂಗಡಿಗೆ ಚೆಂದ. ಮೇಲ್ಮೈಯಲ್ಲಿ ಸರಸರನೆ ಉರಿದು ಆರುವ ಹುಲ್ಲಿನ ಬೆಂಕಿಗೆ ನೆಲದೊಳಗಿನ ಹರಳಿನ ಬಣ್ಣ ಬದಲಿಸುವ ಶಕ್ತಿ ಎಲ್ಲಿಂದ ಬರಬೇಕು?

ಗಣಿಯ ನಿಜವಾದ ಕಥೆ ಅಷ್ಟು ಚೆಂದವಿಲ್ಲ. ಹರಳಿನ ಎಳೆ ಹಿಡಿದು ಇಳಿಯುವ ಇಕ್ಕಟ್ಟಿನ ಸುರಂಗಗಳಲ್ಲಿ ತೆವಳುವ ಹುಡುಗರಿಗೆ ಅಲ್ಲಿ "ನ್ಯೋಕಾ", ಅಂದರೆ ಹಾವು ಎಂದೇ ಹೆಸರು. ಮೇಲೆ ಬಂದಾಗ ಗ್ರಾಫೈಟ್ ಪುಡಿ ಮೈಗಂಟಿ ಇಡೀ ಮೈ ಸೀಸದಕಡ್ಡಿಯ ಹಾಗೆ ಮಿರುಗುತ್ತದೆ. 2008ರ ಮಾರ್ಚ್‌ನಲ್ಲಿ ಮಳೆನೀರು ಸುರಂಗಗಳಿಗೆ ನುಗ್ಗಿ 60ಕ್ಕೂ ಹೆಚ್ಚು ಮಂದಿ ಸತ್ತರು. ಕಳ್ಳಸಾಗಣೆ ತಡೆಯಲು 2018ರಲ್ಲಿ ಸೇನೆ ಗಣಿಗಳ ಸುತ್ತ 24.5 ಕಿ.ಮೀ. ಗೋಡೆ ಕಟ್ಟಿತು, ಒಳಹೊರಗೆ ಹೋಗಲು ಒಂದೇ ಬಾಗಿಲು. ಲೈಜರ್ ಅವರ ಹರಳುಗಳು ಸರಕಾರಕ್ಕೇ ಮಾರಾಟವಾದದ್ದು ಈ ಗೋಡೆ ಎದ್ದ ಮೇಲೆ.

ಪ್ರಶ್ನೆ: ನನ್ನ ಹರಳಿನ ಪ್ರಮಾಣಪತ್ರದಲ್ಲಿ "ಕಾಯಿಸಿದ್ದು" ಎಂದಿದೆ. ಮೋಸ ಹೋದೆನೇ? ಅಸಲಿ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೋಸವಿಲ್ಲ. ಗಣಿಯಿಂದ ಬರುವ ಹರಳು ಹೆಚ್ಚಾಗಿ ಕಂದು. 500–600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಕಂದು ಕಳಚಿ ನೀಲಿ ನಿಲ್ಲುತ್ತದೆ. ಮಾರುಕಟ್ಟೆಯ ಬಹುತೇಕ ತಾಂಜನೈಟ್ ಹೀಗೆ ಕಾಯಿಸಿದ್ದೇ, ಬಣ್ಣ ಮತ್ತೆ ಮಾಸುವುದಿಲ್ಲ. ಮೇಲೆ ಲೇಪ ಹಚ್ಚಿ ನೀಲಿ ಏರಿಸಿದ ಮಾಲು ಬೇರೆ, ಅದನ್ನು ಬಿಡಿ, ಲೇಪ ಸವೆಯುತ್ತದೆ.

ಹರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನ ತಿರುಗಿಸಿ. ಒಂದು ದಿಕ್ಕಿನಲ್ಲಿ ನೀಲಿ, ಇನ್ನೊಂದರಲ್ಲಿ ನೇರಳೆ ಕಾಣಬೇಕು. ಕಾಯಿಸದ ಹರಳಾದರೆ ಮೂರನೆಯದಾಗಿ ಕಂದೋ ಕೆಂಗಂದೋ ಇಣುಕುತ್ತದೆ. ಗಾಜಿನಲ್ಲಿ ಈ ಆಟವಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ಫೋರ್ಸ್ಟರೈಟ್ ಎಂಬ ಬೇರೆ ಹರಳು ಮಾತ್ರ ಕಣ್ಣಿಗೆ ಮಣ್ಣೆರಚಬಹುದು. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಮೇಲಿನಿಂದ ನೋಡಿ, ಹಿಂಬದಿಯಲ್ಲಿ ಸಾಣೆ ಹಿಡಿದ ಮುಖಗಳ ಅಂಚು ಜೋಡಿಗೆರೆಯಾಗಿ ಕಂಡರೆ ಅದು ಫೋರ್ಸ್ಟರೈಟ್. "ಲ್ಯಾಬ್‌ನಲ್ಲಿ ಬೆಳೆಸಿದ ತಾಂಜನೈಟ್" ಎಂದು ಯಾರಾದರೂ ಮಾರಿದರೆ ಎದ್ದು ಬನ್ನಿ, ಅಂಥದ್ದು ಮಾರುಕಟ್ಟೆಯಲ್ಲಿಲ್ಲ.

ಪ್ರಶ್ನೆ: ಶನಿಗೆ ನೀಲದ ಬದಲು ತಾಂಜನೈಟ್ ಉಂಗುರ ಹಾಕಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಶನಿಯ ವಿಷಯ ಜೋಯಿಸರಿಗೆ ಬಿಟ್ಟೆ, ಉಂಗುರದ್ದು ಹೇಳುತ್ತೇನೆ. ವಜ್ರಕ್ಕೆ 10 ಕೊಡುವ ಅಳತೆಯಲ್ಲಿ ನೀಲಮಣಿಯ ಗಡಸುತನ 9, ಇದರದ್ದು ಆರು, ಆರೂವರೆ. ದಿನವೂ ಪಾತ್ರೆ ತೊಳೆಯುವ, ಗೇರ್ ಹಾಕುವ ಕೈಯಲ್ಲಿ ಬೇಗ ಗೀರು ಬೀಳುತ್ತದೆ, ಪೆಟ್ಟು ಬಿದ್ದರೆ ಸೀಳುತ್ತದೆ. ಓಲೆಯೋ ಪದಕವೋ ಮಾಡಿಸಿ. ತೊಳೆಯಲು ಸೋಪಿನ ಉಗುರುಬಿಸಿ ನೀರು ಸಾಕು, ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರದೊಳಗೆ ಹಾಕಲು ಬಿಡಬೇಡಿ.